ಟೈಲ್ಸ್ ಚೂರುಗಳಲ್ಲಿ ಬೈರಮ್ಮ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಂಗಪ್ಪನಿಗೆ ತಪ್ಪು ಹುಡುಕುವ ಕೆಲಸ. ಲೇತ್ ಮಷಿನ್ನಿನಿಂದ ಇಳಿದು ಬರುವ ಪಿನ್ನು, ಬುಷ್ಷುಗಳನ್ನು ಒಂದೊಂದಾಗಿ ಅಳೆದು ನೋಡಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗಿದ್ದರೂ ಕೆಂಪು ಡಬ್ಬಿಗೆ ಎಸೆಯಬೇಕು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಅವನ ಕಣ್ಣು ಮನೆಗೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ. ಕ್ಯಾಲೆಂಡರು ಎಡಕ್ಕೆ ವಾಲಿದೆ, ರೊಟ್ಟಿ ಒಂದು ಕಡೆ ದಪ್ಪ ಇದೆ, ಕಿಟಕಿಯ ಪರದೆ ಬಲಗಡೆ ಒಂದು ಬೆರಳು ಗಿಡ್ಡ ಇದೆ ಎಂದು ಏನಾದರೊಂದು ಹೇಳುತ್ತಲೇ ಇರುತ್ತಿದ್ದ.

"ರೊಟ್ಟಿ ತಿನ್ನಾಕಂತ ಮಾಡೀನಿ, ಅಳ್ಯಾಕಲ್ಲ. ಸುಮ್ನ ಉಣ್ರಿ" ಎಂದು ಅವನ ಹೆಂಡತಿ ಚನ್ನಕ್ಕ ಪಲ್ಯದ ಬೋಗುಣಿಯನ್ನು ಮುಂದಕ್ಕೆ ತಳ್ಳುತ್ತಿದ್ದಳು.

ಗಂಡ ಹೆಂಡತಿ ಇಬ್ಬರೂ ಹುನಗುಂದದ ಕಡೆಯವರು. ಒಂಬತ್ತು ವರ್ಷದಿಂದ ಅಬ್ಬಿಗೆರೆಯಲ್ಲಿ ಬೈರಮ್ಮನ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದರು. ಬೈರಮ್ಮ ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದ ಕಾಲದವಳು. ಈಗ ಸುತ್ತಮುತ್ತ ನಾಲ್ಕಂತಸ್ತಿನ ಕಟ್ಟಡಗಳು ಎದ್ದಿದ್ದರೂ ಅವಳ ಮಾತು ಮಾತ್ರ ಹೊಲದ ಬದುವಿನ ಮೇಲೆ ನಿಂತು ಆಡಿದಂತೆಯೇ ಇತ್ತು. ಮಾತಿನ ಮೊದಲಿಗೆ 'ಹ' ಬರುತ್ತಲೇ ಇರಲಿಲ್ಲ. ಬಾಡಿಗೆಗೆ ಬಂದ ಹೊಸತರಲ್ಲಿ ಅವಳು "ಏಳು ಸಂಗಪ್ಪ" ಎಂದಾಗಲೆಲ್ಲ ಸಂಗಪ್ಪ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ. ಹೇಳು ಎನ್ನುತ್ತಿದ್ದಾಳೆಂದು ತಿಳಿಯಲು ಅವನಿಗೆ ಒಂದು ತಿಂಗಳು ಹಿಡಿಯಿತು.

ಆ ವರ್ಷ ಬೇಸಿಗೆಯಲ್ಲಿ ಬೈರಮ್ಮ ಮಹಡಿಯ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದಳು. ಕೆಲಸದವರು ಹಳೆಯ ಟೈಲ್ಸಿನ ಚೂರು, ಹೊಸದರಲ್ಲಿ ಮಿಕ್ಕ ತುಂಡು ಎಲ್ಲವನ್ನೂ ಎರಡು ಗೋಣಿಚೀಲಕ್ಕೆ ತುಂಬಿ ಗೇಟಿನ ಬಳಿ ಇಟ್ಟು ಹೋದರು. ಕಸದ ಗಾಡಿಯವನು ಅದನ್ನು ಮುಟ್ಟಲಿಲ್ಲ. ಇಂಥದ್ದನ್ನು ತಾನು ಒಯ್ಯುವುದಿಲ್ಲ ಎಂದ. ಹತ್ತು ದಿನ ಚೀಲಗಳು ಅಲ್ಲೇ ಕೂತವು. ಹನ್ನೊಂದನೆಯ ದಿನ, ಭಾನುವಾರ ಬೆಳಿಗ್ಗೆ ಬೈರಮ್ಮ ಮೆಟ್ಟಿಲ ಕೆಳಗೆ ನಿಂತು ಕೂಗಿದಳು.

"ಸಂಗಪ್ಪಾ! ನಿನ್ ಬಚ್ಚಲದ್ದೇ ಕಣಪ್ಪ ಇದು. ಎಲ್ಲಾದ್ರೂ ಸಾಗಾಕು."

ಸಂಗಪ್ಪ ಇಳಿದು ಬಂದು ಚೀಲದ ಬಾಯಿ ಬಿಚ್ಚಿದ. ಒಳಗೆ ಕಡುನೀಲಿ, ಹಾಲುಬಿಳಿ, ಇಟ್ಟಿಗೆಕೆಂಪು ಚೂರುಗಳು ಬಿಸಿಲಿಗೆ ಮಿನುಗಿದವು. ಹಿಂದಿನ ವಾರವಷ್ಟೇ ಊಟದ ಬಿಡುವಿನಲ್ಲಿ ಅವನು ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದ. ಯಾವುದೋ ದೇಶದ ಬಿಳಿ ಗಡ್ಡದವನೊಬ್ಬ ಇಂಥವೇ ಚೂರುಗಳನ್ನು ಅಂಟಿಸಿ ಹೂಕುಂಡ ಸಿಂಗರಿಸುತ್ತಿದ್ದ. ಮೊಸಾಯಿಕ್ ಅಂತೆ. ಸಂಗಪ್ಪನಿಗೆ ನೆಲದ ಮೊಸಾಯಿಕ್ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

"ಸಾಗ ಹಾಕೂದು ಬ್ಯಾಡ್ರಿ ಅಮ್ಮಾರ. ನನಗ ಬೇಕು" ಎಂದ.

"ಒಡೆದೋಗಿರೋ ಟೈಲ್ಸ್ ಯಾತುಕ್ಕೆ?"

"ಇನ್ನಷ್ಟು ಒಡ್ಯಾಕ."

ಬೈರಮ್ಮ, ಉತ್ತರ ಕರ್ನಾಟಕದವರ ವಿಷಯದಲ್ಲಿ ತನಗೆ ತಿಳಿಯದ್ದು ಇನ್ನೂ ಬಹಳ ಇದೆ ಎಂದುಕೊಂಡು ಒಳಗೆ ಹೋದಳು.

ಸಂಗಪ್ಪ ಚೀಲಗಳನ್ನು ತಾರಸಿಗೆ ಹೊತ್ತ. ಒಂದು ದೊಡ್ಡ ಚೂರನ್ನು ನೆಲದ ಮೇಲಿಟ್ಟು ಸುತ್ತಿಗೆ ಎತ್ತಿ ಹೊಡೆದ. ಚೂರು ನೂರಾಯಿತು. ಅದರಲ್ಲಿ ಒಂದು ಅವನ ಕಿವಿಯ ಪಕ್ಕದಲ್ಲೇ ಸಿಳ್ಳೆ ಹಾಕುತ್ತ ಹಾರಿತು, ಇನ್ನು ನಾಲ್ಕೈದು ಪಕ್ಕದಲ್ಲಿ ಬೈರಮ್ಮ ಒಣಗಲು ಹರವಿದ್ದ ರಾಗಿಯೊಳಗೆ ಹೋಗಿ ಬಿದ್ದವು. ಅರ್ಧ ಗಂಟೆ ಕೆಳಗೆ ಕೂತು ರಾಗಿಯಲ್ಲಿ ಟೈಲ್ಸ್ ಆರಿಸಿದ್ದೇ ಅವನ ಮೊಸಾಯಿಕ್ ಕಲಿಕೆಯ ಮೊದಲ ಪಾಠ.

"ನಾಳೆ ಮುದ್ದೆ ಒಳ್ಗೆ ನೀಲಿ ಟೈಲ್ಸ್ ಸಿಕ್ಕಿದ್ರೆ ನಿಂಗೇ ತಿನ್ನಿಸ್ತೀನಿ" ಎಂದಳು ಬೈರಮ್ಮ.

ಅಂದಿನಿಂದ ಸಂಗಪ್ಪ ಟೈಲ್ಸನ್ನು ಗೋಣಿಚೀಲದಲ್ಲಿ ಸುತ್ತಿಯೇ ಒಡೆದ. ಕಣ್ಣಿಗೆ ಕಾರ್ಖಾನೆಯ ಕನ್ನಡಕ, ಕೈಗೆ ದಪ್ಪ ಗವಸು. ಜೋರಾಗಿ ಕುಟ್ಟಬಾರದು, ಸುತ್ತಿಗೆಯ ಭಾರವೇ ಕೆಲಸ ಮಾಡುವಂತೆ ಮೆಲ್ಲಗೆ ಬಿಡಬೇಕು, ಆಗ ಹುಡಿಯಾಗದೆ ಉಗುರಿನಷ್ಟು ಉಗುರಿನಷ್ಟು ತುಂಡು ಬರುತ್ತದೆ ಎಂದು ಕಂಡುಕೊಂಡ. ಚೂಪಾದ ಅಂಚುಗಳನ್ನು ಒರಟು ಕಲ್ಲಿಗೆ ಉಜ್ಜಿದ. ಚನ್ನಕ್ಕ ಒಂದು ಮೊರ ತಂದು, ಅಕ್ಕಿ ಆರಿಸುವ ಹಾಗೆ ಚೂರುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ ಮೂರು ಐಸ್‌ಕ್ರೀಮ್ ಡಬ್ಬಿಗೆ ತುಂಬಿದಳು. ಬೇಡವೆಂದರೂ ಅವಳು ಹೋಗಲಿಲ್ಲ. ಅಲ್ಲೇ ಕೂತಳು.

ಮೊದಲು ಒಂದು ಹಳೆಯ ಸಿಮೆಂಟ್ ಹೂಕುಂಡ. ಮನೆಯಲ್ಲಿ ಮರಕ್ಕೆ ಹಚ್ಚುವ ಬಿಳಿ ಅಂಟಿತ್ತು, ಅದರಲ್ಲೇ ಅಂಟಿಸಿದ. ಎರಡು ಚೂರಿನ ನಡುವೆ ಸಂದು ಬಿಡಬೇಕು ಎಂದು ವಿಡಿಯೊದಲ್ಲಿ ನೋಡಿದ್ದ. ಎಷ್ಟು ಬಿಡಬೇಕೆಂದು ಗಡ್ಡದವನು ಹೇಳಿದ್ದನೋ ಏನೋ, ಭಾಷೆ ತಿಳಿಯಲಿಲ್ಲ. ಸಂಗಪ್ಪ ಎರಡು ಮಿಲಿಮೀಟರ್ ಎಂದು ತಾನೇ ತೀರ್ಮಾನ ಮಾಡಿ, ಸಂದು ಅಳೆಯುವ ತೆಳ್ಳನೆಯ ಉಕ್ಕಿನ ಪಟ್ಟಿ ಹಿಡಿದು ಪ್ರತಿಯೊಂದು ಸಂದಿಗೂ ಅದನ್ನು ತೂರಿಸಿ ನೋಡಿದ. ಮೂರು ಗಂಟೆಯಲ್ಲಿ ಹದಿನೇಳು ಚೂರು ಅಂಟಿದವು.

"ಈ ಲೆಕ್ಕದಾಗ ಕುಂಡ ಮುಗಿಯೂದ್ರಾಗ ನಿಮಗ ರಿಟೈರ್ಮೆಂಟ್ ಆಗತೈತಿ" ಎಂದಳು ಚನ್ನಕ್ಕ.

ಹೇಗೋ ಎರಡು ಭಾನುವಾರದಲ್ಲಿ ಮುಗಿಯಿತು. ಚನ್ನಕ್ಕ ಅದರಲ್ಲಿ ದಾಸವಾಳ ನೆಟ್ಟು ನೀರು ಹಾಕಿದಳು. ಮೂರನೆಯ ದಿನ ಬೆಳಿಗ್ಗೆ ಸಂಗಪ್ಪ ಹಲ್ಲುಜ್ಜುತ್ತಿದ್ದಾಗ ತಾರಸಿಯಿಂದ ಟಪ್ ಎಂದು ಸದ್ದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಪ್. ಹೋಗಿ ನೋಡಿದರೆ, ನೀರು ಕುಡಿದ ಅಂಟು ಮೊಸರಿನಂತೆ ಬೆಳ್ಳಗಾಗಿ ಚೂರುಗಳು ಒಂದೊಂದಾಗಿ ಉದುರುತ್ತಿದ್ದವು. ಸಂದುಗಳೆಲ್ಲ ಸರಿಯಾಗಿ ಎರಡೇ ಮಿಲಿಮೀಟರ್ ಇದ್ದವು, ಅಂಟೇ ಇರಲಿಲ್ಲ.

ಹಾರ್ಡ್‌ವೇರ್ ಅಂಗಡಿಯವನು ಕತೆ ಕೇಳಿ ನಕ್ಕು, ಟೈಲ್ಸ್ ಅಂಟಿಸುವ ಪುಡಿಯ ಚೀಲ ಕೊಟ್ಟ. ಹೊರಗಿಡುವ, ನೀರು ಬೀಳುವ ಯಾವುದಕ್ಕೂ ಇದೇ ಆಗಬೇಕು, ನೀರನ್ನು ಪುಡಿಗೆ ಹಾಕಬೇಡಿ, ಪುಡಿಯನ್ನು ನೀರಿಗೆ ಹಾಕಿ ಎಂದ. ಹದ ಎಷ್ಟು ಎಂಬುದಕ್ಕೆ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಸಂಗಪ್ಪ ತಕ್ಕಡಿ ಹುಡುಕಹೊರಟ. ಚನ್ನಕ್ಕ ಅವನ ಕೈಯಿಂದ ಕರಣೆ ಕಿತ್ತುಕೊಂಡು, "ಗಟ್ಟಿ ಚಟ್ನಿ ಹದಕ್ಕ ಕಲಸ್ರಿ. ಕರಣೆ ಮ್ಯಾಲ ಎತ್ತಿದ್ರ ಜಾರಿ ಬೀಳಬಾರದು, ಅಷ್ಟ" ಎಂದು ಅವಳೇ ಕಲಸಿದಳು. ಒಂದು ಸಲಕ್ಕೆ ಒಂದು ಅಂಗೈ ಅಗಲದಷ್ಟೇ ಬಳಿದರು, ಇಲ್ಲದಿದ್ದರೆ ಚೂರು ಇಡುವ ಮೊದಲೇ ಬಳಿದದ್ದು ಒಣಗಿಬಿಡುತ್ತಿತ್ತು. ಮಾರನೆಯ ದಿನ ಸಂದುಗಳಿಗೆ ಗ್ರೌಟ್ ಎಂಬ ನುಣ್ಣನೆಯ ಗಾರೆ ತುಂಬಿ, ಕಾಲು ಗಂಟೆ ಬಿಟ್ಟು ಹಿಂಡಿದ ಸ್ಪಂಜಿನಿಂದ ಒರೆಸಿದರು. ಬೂದಿ ಬಳಿದಂತಿದ್ದ ಕುಂಡ ಒರೆಸುತ್ತ ಒರೆಸುತ್ತ ನೀಲಿ, ಕೆಂಪು, ಬಿಳಿಯಾಗಿ ಎದ್ದು ಬಂತು. ಇಬ್ಬರೂ ಅದನ್ನು ಸುತ್ತಲೂ ತಿರುಗಿಸಿ ನೋಡಿದರು. ಇಷ್ಟು ವರ್ಷ ಬೇರೆಯವರು ಮಾಡಿದ್ದನ್ನೇ ನೋಡಿ ಬಂದಿದ್ದ ಸಂಗಪ್ಪನಿಗೆ ತನ್ನ ಕೈಯಿಂದ ಒಂದು ವಸ್ತು ಹೊರಬಂದದ್ದು ಎಂಥದೋ ನಾಚಿಕೆ ಹುಟ್ಟಿಸಿತು. ಕುಂಡವನ್ನು ಮೂಲೆಗೆ ಸರಿಸಿದ. ಚನ್ನಕ್ಕ ಅದನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಮೆಟ್ಟಿಲ ಮೇಲಿಟ್ಟಳು.

ಬೈರಮ್ಮ ಅದನ್ನು ಎರಡು ದಿನ ಹೋಗುತ್ತ ಬರುತ್ತ ನೋಡಿದಳು. ಮೂರನೆಯ ದಿನ ಸಂಗಪ್ಪ ಕೆಲಸದಿಂದ ಬರುವುದನ್ನೇ ಗೇಟಿನಲ್ಲಿ ಕಾಯುತ್ತಿದ್ದಳು. ಗೇಟಿನ ಕಂಬದಲ್ಲಿ ಕರಿಕಲ್ಲಿನ ಮೇಲೆ, ದಿನವೆಲ್ಲ ಟೀ ಅಂಗಡಿಯಲ್ಲೇ ಕಳೆಯುವ ಅವಳ ಗಂಡನ ಹೆಸರು ಕೆತ್ತಿಸಿತ್ತು: ಚಿಕ್ಕಹನುಮಯ್ಯ.

"ಇದ್ರಾಗೆ ಎಸ್ರು ಬರಿಯಾಕ್ ಆಗ್ತದಾ?" ಎಂದು ಕೇಳಿದಳು.

"ಯಾರದ್ರಿ ಹೆಸರು? ಅಣ್ಣಾರದ್ದು ಇಲ್ಲೇ ಐತಲ್ರಿ."

"ಅವರ್ದು ಐತೆ. ನಂದು?"

ಸಂಗಪ್ಪ ಚೀಲ ಕೆಳಗಿಟ್ಟ.

"ಬಚ್ಚಲು ಕಟ್ಸಿದ್ದು ನಾನು, ಮೇಲ್ಗಡೆ ಮಾಡಿ ಎತ್ಸಿದ್ದು ನಾನು, ನಿಂತ್ಕಂಡು ಕ್ಯೂರಿಂಗ್‌ಗೆ ನೀರು ಬುಟ್ಟಿದ್ದು ನಾನು. ಪೋಸ್ಟಿನೋನು ಬಂದು ಅನುಮಯ್ಯನ ಮನೆ ಅಂತಾನೆ. ಈ ಕಡೆ ಗೋಡೆ ಖಾಲಿ ಐತೆ. ಬೈರಮ್ಮ ಅಂತ ಆಕು. ದೊಡ್ದಾಗಿ."

ಅದುವರೆಗೆ ಯಾರೂ ಅವನಿಗೆ ಇಂಥ ಕೆಲಸ ವಹಿಸಿರಲಿಲ್ಲ. ಅವನು ಒಪ್ಪಿಕೊಂಡ.

ಆದರೆ ಕುಂಡ ಬೇರೆ, ಗೋಡೆ ಬೇರೆ. ನಿಂತ ಗೋಡೆಗೆ ಒಂದೊಂದೇ ಚೂರು ಅಂಟಿಸುತ್ತ ಹೋದರೆ ಸೊಂಟ ಬಿದ್ದುಹೋಗುತ್ತದೆ, ಚೂರುಗಳೂ ಜಾರುತ್ತವೆ. ಬೆಳಗಿನಿಂದ ಸಂಜೆವರೆಗೆ ಬೀದಿಯಲ್ಲಿ ನಿಲ್ಲಲೂ ಅವನಿಗೆ ಸಂಕೋಚ. ಸಂಗಪ್ಪ ಊಟದ ಬಿಡುವಿನಲ್ಲಿ ಮತ್ತೆ ಗಡ್ಡದವನ ಮೊರೆಹೋದ. ಕ್ಯಾಂಟೀನಿನ ಗದ್ದಲಕ್ಕೆ ಧ್ವನಿ ಆರಿಸಿಟ್ಟೇ ನೋಡಿದ. ಗಡ್ಡದವನು ಮೇಜಿನ ಮೇಲೆ ಕಾಗದ ಹಾಸಿ, ಅದರ ಮೇಲೆ ಮೀನಿನ ಚಿತ್ರ ಬರೆದು, ಮೈದಾ ಅಂಟಿನಿಂದ ಚೂರುಗಳನ್ನು ಹೊಳೆಯುವ ಮುಖ ಕೆಳಗೆ ಮಾಡಿ ಕಾಗದಕ್ಕೆ ಅಂಟಿಸಿದ. ಆಮೇಲೆ ಆ ಹಾಳೆಯನ್ನು ಹಾಗೇ ಎತ್ತಿ, ಗಾರೆ ಬಳಿದ ಗೋಡೆಗೆ ಒತ್ತಿದ. ಕಾಗದವನ್ನು ನೆನೆಸಿ ಸುಲಿದ. ಗೋಡೆಯ ಮೇಲೆ ಮೀನು ಸಿದ್ಧ! ಇಡೀ ಕೆಲಸ ಮನೆಯೊಳಗೆ ಕೂತೇ ಮಾಡಬಹುದು, ಗೋಡೆಯ ಕೆಲಸ ಅರ್ಧ ಗಂಟೆ. ಸಂಗಪ್ಪನಿಗೆ ಬಹಳ ಹಿಡಿಸಿತು.

ಅವನು ನೋಡದೆ ಬಿಟ್ಟದ್ದು ಒಂದೇ ಸಂಗತಿ. ಮೀನು ಎಡಕ್ಕೆ ತಿರುಗಿದರೂ ಮೀನೇ, ಬಲಕ್ಕೆ ತಿರುಗಿದರೂ ಮೀನೇ.

ಎರಡು ವಾರ ಸಂಜೆಯೆಲ್ಲ ಸಂಗಪ್ಪ ಹಾಲಿನಲ್ಲಿ ಕೂತು ಕೆಲಸ ಮಾಡಿದ. ಪುಸ್ತಕಕ್ಕೆ ಹಾಕುವ ಖಾಕಿ ಕಾಗದ ತಂದು, ಅಳತೆಪಟ್ಟಿ ಇಟ್ಟು, ಮೂರು ಅಕ್ಷರಗಳನ್ನು ಒಂದೇ ಎತ್ತರಕ್ಕೆ ಬರೆದ. ಚನ್ನಕ್ಕ ಮೈದಾ ಕಾಯಿಸಿ ಅಂಟು ಮಾಡಿಕೊಟ್ಟಳು. ಟೈಲ್ಸ್ ಕತ್ತರಿಸುವ ಇಕ್ಕಳವನ್ನು ಚೂರಿನ ಅಂಚಿಗೆ ಮಾತ್ರ ಕಚ್ಚಿಸಿ ಒತ್ತಿದರೆ ಬೇಕಾದ ದಿಕ್ಕಿಗೆ ಸೀಳುತ್ತದೆ, ನಡುವಿಗೆ ಹಾಕಿದರೆ ಪುಡಿಯಾಗುತ್ತದೆ ಎಂಬುದನ್ನು ಅಷ್ಟರಲ್ಲಿ ಕಲಿತಿದ್ದ. ಅಕ್ಷರಕ್ಕೆ ಕಡುನೀಲಿ, ಸುತ್ತ ಹಾಲುಬಿಳಿ, ಅಂಚಿಗೆ ಕೆಂಪು. ಎಲ್ಲವೂ ಮುಖ ಕೆಳಗಾಗಿ ಅಂಟಿದ್ದರಿಂದ ಕಾಣುತ್ತಿದ್ದುದು ಟೈಲ್ಸಿನ ಮಣ್ಣು ಬಣ್ಣದ ಬೆನ್ನು ಮಾತ್ರ. ಬೈರಮ್ಮ ದಿನಾ ಬಂದು ಇಣುಕಿದಳು. "ಅಮ್ಮಾರ, ಗ್ವಾಡಿ ಮ್ಯಾಲ ಏರಿದ ಮ್ಯಾಲ ನೋಡ್ರಿ" ಎಂದು ಅವನು ಗತ್ತಿನಿಂದ ಹೇಳಿ ಕಳಿಸಿದ.

ಭಾನುವಾರ ಬೆಳಿಗ್ಗೆ ಗೋಡೆಗೆ ನೀರು ಚಿಮುಕಿಸಿ ಗಾರೆ ಬಳಿದರು. ಸಂಗಪ್ಪನೂ ಚನ್ನಕ್ಕನೂ ಹಾಳೆಯನ್ನು ಎರಡು ಕಡೆ ಹಿಡಿದು ಮಗುವನ್ನು ಎತ್ತಿದಂತೆ ಎತ್ತಿ ತಂದು ಒತ್ತಿದರು. ಅದರ ಮೇಲೆ ಹಲಗೆ ಇಟ್ಟು ಮೆಲ್ಲಗೆ ತಟ್ಟಿದರು. ಸ್ಪಂಜಿನಿಂದ ಕಾಗದ ನೆನೆಸಿ ಹತ್ತು ನಿಮಿಷ ಕಾದರು. ಬೈರಮ್ಮ ಒಳ್ಳೆಯ ಸೀರೆ ಉಟ್ಟು ಬಂದು ನಿಂತಳು. ಎದುರು ಮನೆಯ ಗಜಾಲಾ, ಹೊಲಿಗೆ ಮಷಿನ್ ನಿಲ್ಲಿಸಿ ತನ್ನ ಗೇಟಿಗೆ ಬಂದಳು. ಸಂಗಪ್ಪ ಮೂಲೆಯಿಂದ ಕಾಗದ ಹಿಡಿದು ನಿಧಾನವಾಗಿ ಸುಲಿದ. ಒಂದು ಚೂರೂ ಕಿತ್ತುಬರಲಿಲ್ಲ. ಸಂದುಗಳು ಅಳತೆ ಹಿಡಿದಂತೆ ಇದ್ದವು. ಅಂಚು ನೂಲು ಹಿಡಿದಂತೆ ನೇರ.

ಬೈರಮ್ಮ ಮೂರನೆಯ ಕ್ಲಾಸಿನವರೆಗೆ ಓದಿದ್ದಳು. ಬೆರಳಿಟ್ಟು ಎಡದಿಂದ ಓದಲು ಹೋದಳು. ಮೊದಲ ಅಕ್ಷರದಲ್ಲೇ ನಿಂತಳು. ಎರಡನೆಯದಕ್ಕೆ ಹೋದಳು, ಮತ್ತೆ ಮೊದಲನೆಯದಕ್ಕೆ ಬಂದಳು.

"ಇದ್ಯಾವ್ ಭಾಸೆ ಸಂಗಪ್ಪ? ತಮಿಳಾ?"

ಸಂಗಪ್ಪನ ಕೈಯಲ್ಲಿ ಒದ್ದೆ ಕಾಗದ ನೇತಾಡುತ್ತಿತ್ತು. ಅವನು ನೋಡಿದ. ಹಾಳೆಯನ್ನು ಮಗುಚಿ ಒತ್ತಿದ್ದರಿಂದ ಎಡಗಡೆ ಇರಬೇಕಾದ 'ಬೈ' ಬಲಗಡೆ ಬೆನ್ನು ತಿರುಗಿಸಿ ಕೂತಿತ್ತು. 'ಮ್ಮ' ಮುಂದೆ ಬಂದು ಒತ್ತಕ್ಷರವನ್ನು ತಪ್ಪು ಮಗ್ಗುಲಿಗೆ ಇಳಿಬಿಟ್ಟಿತ್ತು. ನಡುವಿನ 'ರ' ಒಂದು ಮಾತ್ರ, ತಲೆಕಟ್ಟು ಆಚೆಗೆ ಹೋಗಿದ್ದರೂ, ಸುಮಾರಾಗಿ ರ ಎಂದೇ ಕಾಣುತ್ತಿತ್ತು.

"ಕನ್ನಡಾನ ರೀ ಅಮ್ಮಾರ" ಎಂದ ಅವನು. "ಗ್ವಾಡಿ ಹಿಂದಿನಿಂದ ನೋಡಿದ್ರ ಬರೋಬ್ಬರಿ ಕಾಣತೈತಿ."

"ಗೋಡೆ ಇಂದುಗಡೆಯಿಂದ ಯಾರು ನೋಡ್ತಾರಪ್ಪ? ಅಲ್ಲಿ ಮೊದ್ಲು ಎಮ್ಮೆ ಕಟ್ತಿದ್ದೊ. ಅದ್ಕೂ ಓದಾಕ್ ಬರ್ತಿರ್ಲಿಲ್ಲ!"

ಚನ್ನಕ್ಕ ನಗುವುದನ್ನು ತಡೆಯಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಜಾಲಾ ಅತ್ತ ಗೇಟು ಹಿಡಿದುಕೊಂಡು ನಗುತ್ತಿದ್ದಳು. ಬೈರಮ್ಮನಿಗೂ ನಗು ಬಂತು, ಆದರೆ ಸಂಗಪ್ಪನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದಳು. ಅವನ ಕಣ್ಣು ತುಂಬಿತ್ತು.

"ರಿಜೆಕ್ಟ್" ಎಂದ ಅವನು. "ನಾನು ದಿನಕ್ಕ ಸಾವಿರ ಪೀಸ್ ನೋಡಾಂವ. ಇಷ್ಟು ದೊಡ್ಡದು ನನ್ನ ಕಣ್ಣಿಗೆ ಬೀಳಲಿಲ್ಲಲ್ರಿ."

ಚನ್ನಕ್ಕ ಎದ್ದು ಕಣ್ಣೊರೆಸಿಕೊಂಡಳು. "ಅಳೂದು ಆಮ್ಯಾಲ ಅಳ್ರಿ. ಗಾರೆ ಇನ್ನೂ ಹಸಿ ಐತಿ. ಗಟ್ಟಿ ಆದ್ರ ಉಳಿ ತಗೊಂಡ ಒಡೀಬೇಕಾಗತೈತಿ. ಬಕೆಟ್ ತರ್ರಿ!"

ಮುಂದಿನ ಇಪ್ಪತ್ತು ನಿಮಿಷ ಆ ಗೇಟಿನಲ್ಲಿ ಯಾರೂ ನಿಂತ ಕಡೆ ನಿಲ್ಲಲಿಲ್ಲ. ಸಂಗಪ್ಪ ಕರಣೆಯ ತುದಿಯಿಂದ ಚೂರುಗಳನ್ನು ಎಬ್ಬಿಸಿದ. ಚನ್ನಕ್ಕ ಅವನ್ನು ನೀರಿನ ಬಕೆಟ್ಟಿಗೆ ಹಾಕಿ ಬ್ರಷ್ಷಿನಿಂದ ತಿಕ್ಕಿದಳು. ಬೈರಮ್ಮ ಒಳ್ಳೆಯ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಗೋಡೆಯ ಗಾರೆಯನ್ನು ಸಗಣಿ ತಟ್ಟಿ ಪಳಗಿದ ಕೈಯಿಂದ ಬಳಿದು ತೆಗೆದಳು. ಗಜಾಲಾ ಹಳೆಯ ಬಟ್ಟೆಯ ಗಂಟು ಹಿಡಿದು ರಸ್ತೆ ದಾಟಿ ಓಡಿ ಬಂದಳು. ಕೊನೆಗೆ ಗೋಡೆ ಮೊದಲಿನಂತೆ ಬೋಳಾಯಿತು. ನೀಲಿ, ಬಿಳಿ, ಕೆಂಪು ಎಲ್ಲ ಕಲಸಿಹೋಗಿ ಒಂದು ಬಕೆಟ್ಟಿನಲ್ಲಿದ್ದವು.

ಸಂಗಪ್ಪ ಮೆಟ್ಟಿಲ ಮೇಲೆ ಕೂತ. "ಕರಿಕಲ್ಲಿನಾಗ ಕೆತ್ತಿಸಿಬಿಡ್ರಿ ಅಮ್ಮಾರ. ನನ್ನ ಕೈಲಿ ಆಗೂದಲ್ಲ ಇದು."

ಬೈರಮ್ಮ ಗೇಟಿನ ಮೂಲೆಯಲ್ಲಿ ಕೆಲಸದವರು ಬಿಟ್ಟುಹೋಗಿದ್ದ ಸೀಮೆಸುಣ್ಣದ ತುಂಡು ಹೆಕ್ಕಿಕೊಂಡು ಗೋಡೆಯ ಮುಂದೆ ನಿಂತಳು. ಹಿಂದಕ್ಕೆ ಬಂದಳು, ಮುಂದಕ್ಕೆ ಹೋದಳು. ಆಮೇಲೆ ಒಂದೇ ಉಸಿರಿಗೆ ಬರೆದಳು. 'ಬೈ' ಕುಂಬಳಕಾಯಿಯಷ್ಟು ದೊಡ್ಡದು. 'ರ' ಅದರ ಅರ್ಧ. 'ಮ್ಮ' ಬರುವಷ್ಟರಲ್ಲಿ ಸಾಲು ಗುಡ್ಡ ಹತ್ತಿತ್ತು.

"ಬ್ಯಾಂಕ್ನಾಗೆ ಇಂಗೇ ಸೈನ್ ಆಕೋದು ನಾನು. ಇದ್ರ ಮ್ಯಾಲೇ ಅಂಟ್ಸು."

ಸಂಗಪ್ಪ ಎದ್ದು ಬಂದ. ಅವನ ಕೈ ತಾನಾಗಿಯೇ ಅಳತೆಪಟ್ಟಿಯ ಕಡೆ ಹೋಯಿತು. ಚನ್ನಕ್ಕ ಅವನ ಮಣಿಕಟ್ಟು ಹಿಡಿದಳು.

"ಸ್ವಲ್ಪ ಸಾಲು ನೇರ ಮಾಡ್ತೀನಿ, ಅಷ್ಟ."

"ಮುಟ್ಟಬ್ಯಾಡ್ರಿ. ಅದು ಅವರ ಹೆಸರು."

ಈ ಸಲ ಕಾಗದ ಇಲ್ಲ, ಮೈದಾ ಇಲ್ಲ. ಸುಣ್ಣದ ಗೆರೆ ಮುಚ್ಚಿಹೋಗದಂತೆ ಚೂರಿನ ಬೆನ್ನಿಗೇ ಗಾರೆ ಬಳಿದು ಗೋಡೆಗೆ ನೇರವಾಗಿ ಅಂಟಿಸಿದರು. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋದರೆ ಮೇಲಿನ ಚೂರು ಕೆಳಗಿನದರ ಹೆಗಲ ಮೇಲೆ ಕೂರುತ್ತದೆ, ಜಾರುವುದಿಲ್ಲ ಎಂದು ಬೈರಮ್ಮನೇ ಹೇಳಿದಳು. ಬೆರಣಿ ಒಟ್ಟಿದವಳಿಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ. ಸಂದುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿದರು. ಮೊದಲು ನೀಲಿಯಲ್ಲಿ ಅಕ್ಷರ, ಆಮೇಲೆ ಸುತ್ತಲೂ ಬಿಳಿ. ಬೈರಮ್ಮ ತಾನೇ ಬಕೆಟ್ಟಿನಿಂದ ಚೂರು ಆರಿಸಿ ಇಟ್ಟಳು. ಅವಳ ಕೈಯಲ್ಲಿ ಒಂದು ಸಂದು ಕಡ್ಡಿಯಷ್ಟು, ಇನ್ನೊಂದು ಬೆರಳಿನಷ್ಟು. ಸಂಗಪ್ಪ ಮೊದಲ ಅಕ್ಷರದಲ್ಲಿ ನಾಲ್ಕು ಸಲ ಹಲ್ಲು ಕಚ್ಚಿದ, ಎರಡನೆಯದರಲ್ಲಿ ಒಂದು ಸಲ. ಮೂರನೆಯದಕ್ಕೆ ಬರುವಷ್ಟರಲ್ಲಿ 'ಮ್ಮ'ದ ಬಾಲ ಹೇಗೆ ಬಳುಕಿಸುವುದೆಂದು ಬೈರಮ್ಮನ ಜೊತೆ ವಾದಕ್ಕಿಳಿದಿದ್ದ. ನಾಲ್ಕು ಗಂಟೆಗೆ ಮುಗಿದಾಗ ಯಾರಿಗೂ ಊಟ ಆಗಿಲ್ಲವೆಂದು ನೆನಪಾಯಿತು.

ಮರುದಿನ ಅವನು ಅರ್ಧ ದಿನ ರಜೆ ಹಾಕಿದ. ಗ್ರೌಟ್ ಬಿಳಿಯೇ ಆಗಬೇಕೆಂದು ಅವನ ಆಸೆ. "ಈ ರೋಡಿನ ದೂಳಿಗೆ ಬಿಳಿ ಎಂಟು ದಿನ ಇರೂದಿಲ್ಲ" ಎಂದು ಚನ್ನಕ್ಕ ಬೂದು ಬಣ್ಣ ತಂದಿದ್ದಳು. ತುಂಬಿ, ಒರೆಸಿ, ಒಣಬಟ್ಟೆಯಿಂದ ಉಜ್ಜಿದರು. ಬೈರಮ್ಮನ ಹೆಸರು ಗೋಡೆಯ ಮೇಲೆ ಬಲಕ್ಕೆ ಏರುತ್ತ, ಯಾವುದೋ ಕೆಲಸಕ್ಕೆ ಅವಸರವಾಗಿ ಹೊರಟವಳಂತೆ ನಿಂತಿತು.

ಸಂಜೆ ಚಿಕ್ಕಹನುಮಯ್ಯ ಟೀ ಅಂಗಡಿಯಿಂದ ಬಂದವನು ಗೇಟಿನಲ್ಲೇ ನಿಂತು ಬಹಳ ಹೊತ್ತು ನೋಡಿದ. "ಯಾರೇ ಇದು ಬೈರಮ್ಮ? ಒಸಾ ಓನರ್ರಾ?" ಎಂದ.

"ಊಂ. ಬಾಡಿಗೆ ಕೊಟ್ಟು ಒಳಿಕ್ ಬಾ" ಎಂದಳು ಬೈರಮ್ಮ.

ಕಾರ್ಖಾನೆಯಲ್ಲಿ ಸಂಗಪ್ಪ ಮೊದಲಿನಂತೆಯೇ ಪಿನ್ನು ಅಳೆದ, ಕೆಂಪು ಡಬ್ಬಿಗೆ ಹಾಕಬೇಕಾದ್ದನ್ನು ಹಾಕಿದ. ಆದರೆ ಹಾಕುವ ಮೊದಲು, ಇದನ್ನು ಮಾಡಿದವನು ಯಾರು ಎಂದು ಟ್ರೇ ಮೇಲಿನ ಚೀಟಿ ತಿರುಗಿಸಿ ನೋಡುವ ಹೊಸ ಅಭ್ಯಾಸ ಬಂದಿತ್ತು. ಒಂದೆರಡು ಸಲ ಲೇತ್ ಬಳಿಗೆ ನಡೆದುಹೋಗಿ, "ಇಲ್ಲೆ ಸ್ವಲ್ಪ ಹೆಚ್ಚಾತು ನೋಡಪ್ಪ, ಬ್ಯಾಸರ ಮಾಡ್ಕೋಬ್ಯಾಡ" ಎಂದೂ ಹೇಳಿ ಬಂದ. ಲೇತಿನ ಹುಡುಗರಿಗೆ ಆಶ್ಚರ್ಯವಾಯಿತು.

ಮುಂದಿನ ಭಾನುವಾರ ಗಜಾಲಾ ಒಂದು ರಟ್ಟಿನ ಡಬ್ಬ ಹಿಡಿದು ಬಂದಳು. ಒಳಗೆ ಹಸಿರು ಹೂವಿನ ಪಿಂಗಾಣಿ ತಟ್ಟೆಗಳು, ಮನೆ ಬದಲಾಯಿಸುವಾಗ ಒಡೆದವು.

"ಅಮ್ಮಿ ಕೊಟ್ಟಿದ್ದು ಕಣ್ರೀ, ಎಸೆಯೋಕೆ ಮನಸ್ ಬರ್ತಿಲ್ಲ. ಹೊಲಿಗೆ ಮೇಜಿನ ಮೇಲೆ ಏನಾದ್ರೂ ಮಾಡಕ್ಕಾಗತ್ತಾ?" ಎಂದು ಸಂಗಪ್ಪನನ್ನು ಕೇಳಿದಳು.

ಸಂಗಪ್ಪ ಬಾಯಿ ತೆರೆಯುವ ಮೊದಲೇ ಬೈರಮ್ಮ ಡಬ್ಬ ತೆಗೆದುಕೊಂಡಳು. "ಪಿಂಗಾಣಿ ಟೈಲ್ಸಿಗಿಂತ ತೆಳು. ಸುತ್ತಿಗೆ ಬ್ಯಾಡ, ಇಕ್ಕಳದಾಗೇ ಮಾಡ್ಬೇಕು. ಮೇಜು ಒಳ್ಗಡೆ ಇರೋದು, ನೀರು ಬೀಳಾಕಿಲ್ಲ, ಬಿಳಿ ಅಂಟೇ ಸಾಕು. ಮೇಲ್ಭಾಗ ಮಟ್ಟ ಇರ್ಬೇಕು, ಇಲ್ದಿದ್ರೆ ಬಟ್ಟೆ ಸಿಗಾಕ್ಕಂತದೆ. ಸಂಗಪ್ಪ, ಮಟ್ಟ ನೋಡೋದು ನಿನ್ ಕೆಲ್ಸ. ನಿನ್ ಪಟ್ಟಿ ತತ್ತಾ."

ಮಧ್ಯಾಹ್ನದ ಹೊತ್ತಿಗೆ ಗಜಾಲಾಳ ಮೇಜು ಬೈರಮ್ಮನ ವರಾಂಡಕ್ಕೆ ಬಂದಿತ್ತು. ಚನ್ನಕ್ಕ ಹೂವಿರುವ ಚೂರುಗಳನ್ನು ಬೇರೆ ಮಾಡಿದಳು, ಗಜಾಲಾ ಅವನ್ನು ಹರಡಿ ಯಾವುದು ಎಲ್ಲಿ ಎಂದು ತೋರಿಸಿದಳು. ಸಂಗಪ್ಪ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ಮಟ್ಟ ನೋಡುತ್ತ, ಎತ್ತರವಿದ್ದಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತಿದ. ಕೊನೆಯ ಚೂರು ಕೂತ ಮೇಲೆ ಒಂದು ದಿನ ಯಾರೂ ಮುಟ್ಟಬಾರದೆಂದು ಬೈರಮ್ಮ ಹೇಳಿದಳು. ಹೇಳಿದರೆ ಸಾಲದೆಂದು ಕುರ್ಚಿ ಎಳೆದುಕೊಂಡು ಮೇಜಿನ ಪಕ್ಕದಲ್ಲೇ ಕೂತಳು. ಮೂವರೂ ಒಳಗೆ ಹೋಗಿ ಉಣ್ಣಲು ಕೂತರು. ಅವಳು ಮಾತ್ರ ತಟ್ಟೆಯನ್ನು ಅಲ್ಲಿಗೇ ತರಿಸಿಕೊಂಡಳು.